ಹೊಗೆ ಹೋಯಿತು, ದೂಳು ಅಲ್ಲೇ ಇದೆ: ಮೋರ್ಬಿಯ ಒಂದು ಪ್ರಕರಣ

ದಾವಣಗೆರೆಯಲ್ಲಿ ನನ್ನದೊಂದು ಟೈಲ್ಸ್ ಅಂಗಡಿ ಇದೆ. ಗೋದಾಮಿಗೆ ಬಂದು ಯಾವ ಬಾಕ್ಸ್ ಬೇಕಾದರೂ ತಿರುಗಿಸಿ ನೋಡಿ. ಹತ್ತರಲ್ಲಿ ಒಂಬತ್ತರ ಮೇಲೆ ಒಂದೇ ಊರಿನ ಹೆಸರು ಇರುತ್ತದೆ. ‘8-ಎ ನ್ಯಾಷನಲ್ ಹೈವೇ, ಮೋರ್ಬಿ, ಗುಜರಾತ್’. ಕಂಪನಿಯ ಹೆಸರು ಬೇರೆ ಬೇರೆ, ಡಿಸೈನ್ ಬೇರೆ ಬೇರೆ, ಊರು ಮಾತ್ರ ಅದೇ. ನಿಮ್ಮ ಮನೆ ಕಟ್ಟಿ ಹದಿನೈದು ವರ್ಷದ ಒಳಗಾಗಿದ್ದರೆ, ಈಗ ನೀವು ಕಾಲಿಟ್ಟಿರುವ ನೆಲವೂ ಬಹುಶಃ ಅಲ್ಲಿಂದಲೇ ಲಾರಿ ಹತ್ತಿ ಬಂದದ್ದು.

ಮಾಲು ನೋಡಲು, ರೇಟು ಮಾತಾಡಲು ಅಂತ ಕೆಲವು ಸಲ ಅಲ್ಲಿಗೆ ಹೋಗಿದ್ದೇನೆ. ಮೊದಲ ಸಲ ಹೋದದ್ದು 2014ರ ಡಿಸೆಂಬರ್‌ನಲ್ಲಿ. ರಾಜ್‌ಕೋಟ್‌ನಲ್ಲಿ ರೈಲು ಇಳಿದು, ಕಾರು ಮಾಡಿಕೊಂಡು, ಟಂಕಾರ ದಾಟಿ ಮೋರ್ಬಿ ಹತ್ತಿರ ಬರುತ್ತಿದ್ದ ಹಾಗೆ ಗಂಟಲಲ್ಲಿ ಒಂದು ಘಾಟು ಬಂದು ಕೂತಿತು. ರಸ್ತೆಗೆ ಹಾಕಲು ಡಾಂಬರು ಕಾಯಿಸುವಾಗ ಬರುತ್ತಲ್ಲ, ಆ ವಾಸನೆ. ಬೆಳಗ್ಗೆ ಹತ್ತು ಗಂಟೆ ಆದರೂ ಬಿಸಿಲಿಗೆ ಮಬ್ಬು ಬಣ್ಣ. ಕೊನೆಯ ಸಲ ಹೋದದ್ದು 2023ರಲ್ಲಿ. ಆ ಘಾಟು ಇರಲಿಲ್ಲ. ಆಕಾಶ ಎಷ್ಟೋ ತಿಳಿಯಾಗಿತ್ತು. ಆದರೆ ಒಂದು ಕಾರ್ಖಾನೆಯ ಒಳಗೆ ಒಂದೂವರೆ ಗಂಟೆ ಕೂತು ಹೊರಗೆ ಬಂದಾಗ ಕಾರಿನ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ದೂಳು ಕೂತಿತ್ತು. ಡ್ರೈವರ್ ಬಟ್ಟೆಯಲ್ಲಿ ಒರೆಸುತ್ತಾ ಹೇಳಿದ: “ಹೊಗೆ ಹೋಯಿತು ಸಾಹೇಬ್ರೆ, ದೂಳು ಅಲ್ಲೇ ಇದೆ.”

ಆ ಮಾತು ನನ್ನನ್ನು ಬಿಡಲಿಲ್ಲ. ಮೋರ್ಬಿಯ ಗಾಳಿಯ ಬಗ್ಗೆ ಮಾತಾಡುವಾಗ ನಾವೆಲ್ಲ ಒಂದು ಸಮಸ್ಯೆ ಅಂದುಕೊಂಡದ್ದು ನಿಜಕ್ಕೂ ಎರಡು. ಒಂದನ್ನು ಕಾನೂನು ಹಿಡಿಯಿತು. ಇನ್ನೊಂದು ಇವತ್ತಿಗೂ ಕಾರ್ಖಾನೆಯ ನೆಲದ ಮೇಲೆ, ಕೆಲಸದವರ ಮೂಗಿನ ಎತ್ತರದಲ್ಲಿ ಓಡಾಡಿಕೊಂಡಿದೆ. ಈ ಬರಹ ಇರುವುದು ಆ ಎರಡನೆಯದಕ್ಕೆ.

ಊರು

ಮೋರ್ಬಿ ಇರುವುದು ಸೌರಾಷ್ಟ್ರದಲ್ಲಿ, ಮಚ್ಛು ನದಿಯ ದಡದಲ್ಲಿ. ಹೊರಗಿನವರಿಗೆ ಈ ಹೆಸರು ಗೊತ್ತಾಗುವುದು ದುರಂತಗಳಿಂದ. 1979ರ ಆಗಸ್ಟ್‌ನಲ್ಲಿ ಮಚ್ಛು-2 ಅಣೆಕಟ್ಟು ಒಡೆದು ಊರು ಕೊಚ್ಚಿಹೋಯಿತು. 2022ರ ಅಕ್ಟೋಬರ್‌ನಲ್ಲಿ ತೂಗುಸೇತುವೆ ಬಿದ್ದು 135 ಜನ ಸತ್ತರು. ಆದರೆ ವ್ಯಾಪಾರದವರಿಗೆ ಮೋರ್ಬಿ ಅಂದರೆ ಗೋಡೆ ಗಡಿಯಾರ ಮತ್ತು ಟೈಲ್ಸ್. ದೇಶದ ಸೆರಾಮಿಕ್ ಟೈಲ್ಸ್‌ನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಇಲ್ಲಿ ಮತ್ತು ಪಕ್ಕದ ವಾಂಕಾನೇರ್‌ನಲ್ಲಿ ತಯಾರಾಗುತ್ತದೆ. ಕಾರ್ಖಾನೆಗಳು ಹತ್ತಿರ ಹತ್ತಿರ ಸಾವಿರ ಇವೆ. ಕಾಂಡ್ಲಾ ಮತ್ತು ಮುಂದ್ರಾ ಬಂದರು ಹತ್ತಿರ. ಮಣ್ಣು ಮತ್ತು ಫೆಲ್ಡ್‌ಸ್ಪಾರ್ ಕಲ್ಲು ರಾಜಸ್ಥಾನದಿಂದ, ಸ್ವಲ್ಪ ಮಣ್ಣು ಹತ್ತಿರದ ಥಾನ್ ಕಡೆಯಿಂದ ಬರುತ್ತದೆ. ಕೆಲಸದವರು ಮಧ್ಯಪ್ರದೇಶ, ಉತ್ತರ ಪ್ರದೇಶ, ಬಿಹಾರ, ಜಾರ್ಖಂಡ್, ಒಡಿಶಾದಿಂದ ಬರುತ್ತಾರೆ.

ನಮಗೂ ಈ ಊರಿಗೂ ಹಳೆಯ ನೆಂಟಸ್ತಿಕೆ ಒಂದಿದೆ. ನೆಲದ ಟೈಲ್ಸ್‌ಗೆ ಮೊದಲು ಮೋರ್ಬಿ ಮಾಡುತ್ತಿದ್ದದ್ದು ಚಾವಣಿಯ ಹೆಂಚು. ಅಲ್ಲಿನವರು ಅದನ್ನು ಇವತ್ತಿಗೂ ‘ಮೆಂಗ್ಲೋರಿ ನಳಿಯಾ’ ಅನ್ನುತ್ತಾರೆ. ಅಂದರೆ ನಮ್ಮ ಮಂಗಳೂರು ಹೆಂಚು! ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ ಹೆಂಚಿನ ಮಾದರಿ ಅಷ್ಟು ದೂರ ಹೋಗಿ ಅಲ್ಲಿಯೇ ಬೇರು ಬಿಟ್ಟಿದೆ. ಮೊದಲ ಸಲ ಆ ಮಾತು ಕೇಳಿದಾಗ ಖುಷಿಯಾಗಿತ್ತು.

ಹೊಗೆಯ ಕಥೆ

ಇದು ಬೇಗ ಹೇಳಿ ಮುಗಿಸುವ ಭಾಗ, ಯಾಕೆಂದರೆ ಇದಕ್ಕೊಂದು ಶುರು, ಒಂದು ಕೊನೆ ಇದೆ.

ಟೈಲ್ಸ್ ಸುಡುವ ಕಿಲ್ನ್ ಸುಮಾರು 1,200 ಡಿಗ್ರಿಯಲ್ಲಿ ಹಗಲು ರಾತ್ರಿ ಉರಿಯಬೇಕು. ಅದಕ್ಕೆ ಗ್ಯಾಸ್ ಬೇಕು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ದುಬಾರಿ. ಹಾಗಾಗಿ ನೂರಾರು ಕಾರ್ಖಾನೆಗಳು ಕೋಲ್ ಗ್ಯಾಸಿಫೈಯರ್ ಹಾಕಿಕೊಂಡವು. ಕಲ್ಲಿದ್ದಲನ್ನು ಸಾಕಷ್ಟು ಗಾಳಿ ಕೊಡದೆ, ಹಬೆ ಬಿಟ್ಟು, ಅರೆಬರೆ ಸುಟ್ಟರೆ ಉರಿಯುವ ಗ್ಯಾಸ್ ಸಿಗುತ್ತದೆ. ಜೊತೆಗೆ ಟಾರು ಬರುತ್ತದೆ, ಫಿನಾಲ್ ಅನ್ನುವ ವಿಷ ಬೆರೆತ ಕೊಳಕು ನೀರು ಬರುತ್ತದೆ. ನಾನು 2014ರಲ್ಲಿ ಮೂಗಿಗೆ ಎಳೆದುಕೊಂಡದ್ದು ಇದನ್ನೇ. ಟಾರನ್ನು ರಸ್ತೆ ಪಕ್ಕ ಸುರಿಯುವುದು, ನೀರನ್ನು ಹಳ್ಳಕ್ಕೆ ಬಿಡುವುದು ಎಷ್ಟೋ ಕಡೆ ನಡೆಯುತ್ತಿತ್ತು.

2019ರ ಮಾರ್ಚ್ 6ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶ ಕೊಟ್ಟಿತು: ಮೋರ್ಬಿ, ವಾಂಕಾನೇರ್‌ನ ಎಲ್ಲ ಕೋಲ್ ಗ್ಯಾಸಿಫೈಯರ್‌ಗಳೂ ಬಂದ್. ನಡೆಸಬೇಕಾದರೆ ನೈಸರ್ಗಿಕ ಅನಿಲಕ್ಕೆ ಬದಲಾಗಬೇಕು, ಆದ ಹಾನಿಗೆ ದಂಡ ಕಟ್ಟಬೇಕು. ಆದೇಶ ನಿಜವಾಗಿ ಜಾರಿಯಾಯಿತು. ಅಲ್ಲಿ ಗ್ಯಾಸ್ ಬಳಕೆ ಎರಡು ಪಟ್ಟಿಗಿಂತ ಜಾಸ್ತಿಯಾಯಿತು.

ನನ್ನಂಥ ಅಂಗಡಿಯವನಿಗೆ ಇದು ಗೊತ್ತಾದದ್ದು ರೇಟ್ ಲಿಸ್ಟ್‌ನಲ್ಲಿ. 2021-22ರಲ್ಲಿ ಜಗತ್ತಿನಲ್ಲೆಲ್ಲ ಗ್ಯಾಸ್ ಬೆಲೆ ಏರಿದಾಗ ಬಾಕ್ಸ್ ರೇಟು ತಿಂಗಳು ತಿಂಗಳು ಬದಲಾಗುತ್ತಿತ್ತು. 2022ರ ಆಗಸ್ಟ್‌ನಲ್ಲಿ ಕಾರ್ಖಾನೆಗಳು ಸುಮಾರು ಒಂದು ತಿಂಗಳು ಒಟ್ಟಾಗಿ ಬಾಗಿಲು ಹಾಕಿದವು. ಆಮೇಲೆ ತುಂಬ ಜನ ಪ್ರೊಪೇನ್ ಅನ್ನುವ ಇನ್ನೊಂದು ಗ್ಯಾಸ್‌ಗೆ ಹೋದರು. ಗಿರಾಕಿಗಳು ಬೈದರು, ನಾನೂ ಸಪ್ಲೈಯರ್ ಜೊತೆ ಜಗಳ ಆಡಿದೆ. ಆದರೂ ಒಂದು ಮಾತು ಹೇಳಬೇಕು. ಹೊಗೆಯನ್ನು ನಿಲ್ಲಿಸುವುದಕ್ಕೆ ಒಂದು ಬೆಲೆ ಇತ್ತು, ಆ ಬೆಲೆ ಲೆಕ್ಕಕ್ಕೆ ಬಂತು, ನಾವೆಲ್ಲ ಹಂಚಿಕೊಂಡು ಕೊಟ್ಟೆವು. ಆ ಆದೇಶ ಸರಿಯಾಗಿತ್ತು ಅಂತ ನಾನು ಈಗಲೂ ಹೇಳುತ್ತೇನೆ.

ಗ್ಯಾಸಿಫೈಯರ್ ಅನ್ನುವುದು ಕಣ್ಣಿಗೆ ಕಾಣುವ ಒಂದು ಯಂತ್ರ. ಅದನ್ನು ಎಣಿಸಬಹುದು, ಸೀಲ್ ಹಾಕಬಹುದು, ಒಂದು ದಿನಾಂಕ ಕೊಟ್ಟು ನಿಲ್ಲಿಸಬಹುದು. ದೂಳಿಗೆ ಹಾಗೆ ಸೀಲ್ ಹಾಕಲು ಆಗುವುದಿಲ್ಲ.

ದೂಳು ಹುಟ್ಟುವ ಜಾಗಗಳು

ಟೈಲ್ಸ್ ಕಾರ್ಖಾನೆಗೆ ಹೋದವರನ್ನು ಮೊದಲು ಕರೆದುಕೊಂಡು ಹೋಗುವುದು ಶೋರೂಮಿಗೆ. ಏಸಿ, ಚಹಾ, ಗಾಜಿನ ಹಾಗೆ ಹೊಳೆಯುವ ನೆಲ. ಒಂದು ಸಲ ಹಟ ಮಾಡಿ ಹಿಂದಿನ ಬಾಗಿಲಿಂದ ಶುರು ಮಾಡಿದೆ. ಮಣ್ಣು ಇಳಿಯುವಲ್ಲಿಂದ ಬಾಕ್ಸ್ ಹತ್ತುವವರೆಗೆ ನಡೆದುಕೊಂಡು ಬಂದೆ.

ಮೊದಲು ಯಾರ್ಡ್. ಮೂರು ಆಳೆತ್ತರದ ಮಣ್ಣಿನ ರಾಶಿಗಳು. ಬಿಳಿ, ಬೂದು, ಕೆಂಪು. ಮೇಲೆ ಅರ್ಧ ಶೀಟು, ಪಕ್ಕಕ್ಕೆ ಗೋಡೆ ಇಲ್ಲ. ಲೋಡರ್ ಬಕೆಟ್ ತುಂಬಿ ಹಾಪರ್ ಅನ್ನುವ ದೊಡ್ಡ ಆಲಿಕೆಗೆ ಸುರಿಯುತ್ತದೆ. ಸುರಿದ ಕ್ಷಣ ಒಂದು ಮೋಡ ಏಳುತ್ತದೆ. ದೊಡ್ಡ ಹರಳುಗಳು ಎರಡು ಉಸಿರು ಎಳೆಯುವಷ್ಟರಲ್ಲಿ ನೆಲಕ್ಕೆ ಬೀಳುತ್ತವೆ. ಆಮೇಲೂ ಶೀಟಿನ ಸಂದಿಯಿಂದ ಬರುವ ಬಿಸಿಲ ಕೋಲಿನಲ್ಲಿ ನೋಡಿದೆ, ಏನೋ ಮಿನುಗುತ್ತಾ ನಿಂತೇ ಇತ್ತು. ಮುಂದಿನ ಬಕೆಟ್ ಬರುವವರೆಗೂ ಅದು ಇಳಿಯಲಿಲ್ಲ. ಹಾಪರ್ ಪಕ್ಕ ನಿಂತು ಕೋಲಿನಿಂದ ಮಣ್ಣು ಕೆದಕುತ್ತಿದ್ದ ಹುಡುಗ ಮೂಗಿಗೆ ಟವಲ್ ಕಟ್ಟಿದ್ದ. ಅವನ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿತ್ತು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು ಇರಬಹುದು, ದೂರಕ್ಕೆ ಮುದುಕನ ಹಾಗೆ ಕಾಣುತ್ತಿದ್ದ.

ಅಲ್ಲಿಂದ ಬಾಲ್ ಮಿಲ್. ಇಲ್ಲಿ ನೀರು ಹಾಕಿ ಅರೆಯುತ್ತಾರೆ, ದೋಸೆ ಹಿಟ್ಟಿನಂತೆ ಸ್ಲರಿ ಆಗುತ್ತದೆ. ಇಡೀ ಕಾರ್ಖಾನೆಯಲ್ಲಿ ನಿರಾಳವಾಗಿ ಉಸಿರಾಡಿದ ಜಾಗ ಇದೊಂದೇ. ನಂತರ ಸ್ಪ್ರೇ ಡ್ರೈಯರ್. ಸ್ಲರಿಯನ್ನು ಎತ್ತರದ ಗೋಪುರದೊಳಗೆ ಸಿಂಪಡಿಸಿ ಬಿಸಿಗಾಳಿ ಬಿಡುತ್ತಾರೆ. ನೀರು ಆರಿ ರವೆಯಂಥ ಪುಡಿ ಕೆಳಗೆ ಬೀಳುತ್ತದೆ. ಒಂದು ವಿಷಯ ಗಮನಿಸಿ: ಕಿಲ್ನ್ ಗ್ಯಾಸ್‌ಗೆ ಬದಲಾದ ಮೇಲೂ ಈ ಬಿಸಿಗಾಳಿಗೆ ಕಲ್ಲಿದ್ದಲು, ಲಿಗ್ನೈಟ್ ಸುಡುವುದು ಉಳಿದುಕೊಂಡಿತು. ಹಾಗಾಗಿ ಹೊಗೆಯೂ ಪೂರ್ತಿ ಹೋಗಿಲ್ಲ. ಗೋಪುರದಿಂದ ಹೊರಬರುವ ಗಾಳಿಯಲ್ಲಿ ಸಣ್ಣ ಪುಡಿ ಬೆರೆತಿರುತ್ತದೆ. ದೂಳು ಹಿಡಿಯುವ ಸಾಧನಗಳು (ಸೈಕ್ಲೋನು, ಬಟ್ಟೆಚೀಲದ ಬ್ಯಾಗ್ ಫಿಲ್ಟರು, ನೀರಿನ ಸ್ಕ್ರಬ್ಬರು) ಸರಿಯಾಗಿದ್ದರೆ ಅದು ಸಿಕ್ಕಿಬೀಳುತ್ತದೆ. ಬ್ಯಾಗ್ ಹರಿದಿದ್ದರೆ ಊರಿಗೆ ಹೋಗುತ್ತದೆ.

ಪುಡಿ ಬೆಲ್ಟ್ ಮೇಲೆ ಕೂತು ಪ್ರೆಸ್ಸಿಗೆ ಬರುತ್ತದೆ. ಬೆಲ್ಟ್ ತಿರುಗುವ ಪ್ರತಿ ಮೂಲೆಯಲ್ಲೂ ಸ್ವಲ್ಪ ಚೆಲ್ಲುತ್ತದೆ. ಸಾವಿರಾರು ಟನ್ ಒತ್ತಡದಲ್ಲಿ ಪ್ರೆಸ್ ಕೆಳಗೆ ಬಂದಾಗ ಅಂಚಿನಿಂದ ಪುಸ್ ಅಂತ ಹೊರಗೆ ಹಾರುತ್ತದೆ. ಚೆಲ್ಲಿದ್ದನ್ನು ಗುಡಿಸಬೇಕಲ್ಲ? ಪೊರಕೆಯಲ್ಲಿ ಗುಡಿಸುತ್ತಾರೆ. ಯಂತ್ರದ ಸಂದಿಯಲ್ಲಿ ಕೂತದ್ದನ್ನು ಏರ್ ಪೈಪಿನಿಂದ ಊದುತ್ತಾರೆ. ನನಗೆ ಇಡೀ ಕಾರ್ಖಾನೆಯಲ್ಲಿ ತುಂಬ ಹೆದರಿಕೆ ಹುಟ್ಟಿಸಿದ್ದು ದೊಡ್ಡ ಯಂತ್ರ ಯಾವುದೂ ಅಲ್ಲ, ಆ ಪೊರಕೆ. ನೆಲಕ್ಕೆ ಬಿದ್ದು ತಣ್ಣಗಿದ್ದ ದೂಳನ್ನು ಅದು ಮತ್ತೆ ಎಬ್ಬಿಸಿ ಮೂಗಿಗೆ ತರುತ್ತದೆ. ಗುಡಿಸುತ್ತಿದ್ದವಳು ಒಬ್ಬ ಹೆಂಗಸು. ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ಶೆಡ್ಡಿನ ನೆರಳಲ್ಲಿ ಮಗುವೊಂದು ಗೋಣಿಚೀಲದ ಮೇಲೆ ಮಲಗಿತ್ತು.

ಟೈಲ್ಸ್ ಮೇಲಿನ ಹೊಳಪಿನ ಲೇಪ, ಅಂದರೆ ಗ್ಲೇಜ್ ತಯಾರಿಸುವ ವಿಭಾಗದಲ್ಲಿ ಬೇರೆ ಬಗೆಯ ಪುಡಿಗಳು. ಟೈಲ್ಸ್‌ಗೆ ಹಾಲಿನಂಥ ಬಿಳುಪು ಕೊಡುವುದು ಜಿರ್ಕಾನ್. ಅದು ಚೀಲದಲ್ಲಿ ಬರುತ್ತದೆ. ಚೀಲ ಕೊಯ್ದು, ತೂಕ ಮಾಡಿ, ಡ್ರಮ್ಮಿಗೆ ಸುರಿದು, ಖಾಲಿ ಚೀಲವನ್ನು ಒಮ್ಮೆ ಪಟಪಟ ಕೊಡವಿ ಮಡಚುತ್ತಾರೆ. ಆ ಕೊಡವುವ ಎರಡು ಸೆಕೆಂಡು ಸಾಕು.

ಕಮೋಡು, ವಾಷ್ ಬೇಸಿನ್ ಮಾಡುವ ಸ್ಯಾನಿಟರಿವೇರ್ ಕಾರ್ಖಾನೆಗಳಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಅಚ್ಚಿನಿಂದ ತೆಗೆದು ಒಣಗಿಸಿದ ಹಸಿ ಮಾಲನ್ನು ಸುಡುವ ಮೊದಲು ಕೈಯಿಂದ ಉಜ್ಜಿ ನಯ ಮಾಡುತ್ತಾರೆ. ಮುಖದಿಂದ ಒಂದು ಗೇಣು ದೂರದಲ್ಲಿ ಆ ಉಜ್ಜಾಟ ನಡೆಯುತ್ತದೆ. ಸೆಕೆ ಅಂತ ಮೇಲೆ ಫ್ಯಾನು ತಿರುಗುತ್ತಿರುತ್ತದೆ. ಒಬ್ಬನ ದೂಳು ಹತ್ತು ಜನಕ್ಕೆ.

ಕೊನೆಯದು ರಸ್ತೆ. ದಿನಕ್ಕೆ ಸಾವಿರಾರು ಲಾರಿಗಳು ಮಣ್ಣು ತರುತ್ತವೆ, ಟೈಲ್ಸ್ ಒಯ್ಯುತ್ತವೆ. ಹೈವೇಯಿಂದ ಒಳಗೆ ಹೋಗುವ ರಸ್ತೆಗಳಲ್ಲಿ ಟಾರು ಕಿತ್ತು ಹೋದ ಕಡೆ ಉಳಿದದ್ದು ಹಿಟ್ಟಿನಂಥ ಮಣ್ಣು. ಲಾರಿಯ ಚಕ್ರವೇ ಅಲ್ಲಿ ಬೀಸುವ ಕಲ್ಲು. ಅಂಚಿನ ಹತ್ತಿ ಹೊಲಗಳಲ್ಲಿ ಎಲೆಯ ಹಸಿರು ಕಾಣಬೇಕಾದರೆ ಬೆರಳಲ್ಲಿ ಒರೆಸಬೇಕು.

ಶ್ವಾಸಕೋಶಕ್ಕೆ ಇಳಿಯುವುದು ಯಾವುದು

ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಪಿಎಂ10 ಅಂದರೆ 10 ಮೈಕ್ರಾನ್‌ಗಿಂತ ಸಣ್ಣ ಕಣ, ಕೂದಲಿನ ಏಳನೇ ಒಂದು ಭಾಗ. ಇದು ಗಂಟಲು ದಾಟಿ ಒಳಗೆ ಹೋಗುತ್ತದೆ. ಸುಮಾರು 4 ಮೈಕ್ರಾನ್‌ಗಿಂತ ಸಣ್ಣದಾದರೆ ಶ್ವಾಸಕೋಶದ ಕೊಟ್ಟಕೊನೆಯ ಗಾಳಿಚೀಲಗಳವರೆಗೂ ಇಳಿಯುತ್ತದೆ. ಅಲ್ಲಿಂದ ಕೆಮ್ಮಿದರೂ ಬರುವುದಿಲ್ಲ.

ಬಿಸಿಲ ಕೋಲಿನಲ್ಲಿ ಇಳಿಯದೆ ನಿಂತಿದ್ದದ್ದು ಇಂಥ ಸಣ್ಣ ಕಣಗಳೇ. ಟೈಲ್ಸ್ ಮಣ್ಣಿನಲ್ಲಿ, ಫೆಲ್ಡ್‌ಸ್ಪಾರ್‌ನಲ್ಲಿ ಕ್ವಾರ್ಟ್ಸ್ ಇರುತ್ತದೆ, ಅಂದರೆ ಹರಳು ರೂಪದ ಸಿಲಿಕಾ. ಗಾಳಿಚೀಲದಲ್ಲಿ ಕೂತ ಸಿಲಿಕಾವನ್ನು ನುಂಗಲು ದೇಹದ ರಕ್ಷಕ ಜೀವಕೋಶಗಳು ಬರುತ್ತವೆ. ನುಂಗಿ, ಅರಗಿಸಲಾಗದೆ, ತಾವೇ ಸಾಯುತ್ತವೆ. ಸತ್ತ ಜಾಗದಲ್ಲಿ ಗಾಯದ ಗಂಟು ಕಟ್ಟುತ್ತದೆ. ಬಿಡುಗಡೆಯಾದ ಸಿಲಿಕಾವನ್ನು ನುಂಗಲು ಇನ್ನೊಂದು ಜೀವಕೋಶ ಬರುತ್ತದೆ. ಹೀಗೆ ಗಂಟುಗಳು ಸೇರಿ ಶ್ವಾಸಕೋಶ ಬಿಗಿದುಕೊಳ್ಳುತ್ತದೆ. ಇದೇ ಸಿಲಿಕೋಸಿಸ್. ಇದಕ್ಕೆ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ಎಷ್ಟೋ ಜನರಲ್ಲಿ ಹೆಚ್ಚುತ್ತಲೇ ಹೋಗುತ್ತದೆ. ಕ್ಷಯ ರೋಗ ಸುಲಭವಾಗಿ ಅಂಟುತ್ತದೆ. ಶ್ವಾಸಕೋಶದ ಕ್ಯಾನ್ಸರ್‌ಗೂ ಈ ಸಿಲಿಕಾ ದೂಳು ಕಾರಣ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ.

ಇದು ಎಲ್ಲೋ ದೂರದ ರೋಗ ಅಂದುಕೊಳ್ಳಬೇಡಿ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ದಾಖಲಾದದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, 1934ರಲ್ಲಿ. 1940ರ ದಶಕದಲ್ಲಿ ಅಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43.7 ಜನರಲ್ಲಿ ಸಿಲಿಕೋಸಿಸ್ ಕಂಡಿತ್ತು. ಕೆಜಿಎಫ್ ಕಡೆಯ ಹಳೆಯ ಮನೆಗಳಲ್ಲಿ ‘ಅಜ್ಜನಿಗೆ ದಮ್ಮು ಇತ್ತು’ ಅನ್ನುವ ಮಾತಿನ ಹಿಂದೆ ಎಷ್ಟೋ ಸಲ ಈ ಕಲ್ಲಿನ ಪುಡಿಯೇ ಇತ್ತು.

ಹಾಗಾದರೆ ಮೋರ್ಬಿಯಲ್ಲಿ ಎಷ್ಟು ಜನಕ್ಕೆ ಆಗಿದೆ? ಕಾಗದದ ಮೇಲೆ ತುಂಬ ಕಡಿಮೆ. ಕಾರಣ ಆ ಊರಿನ ಕೆಲಸದ ರೀತಿಯಲ್ಲೇ ಇದೆ. ಸಿಲಿಕೋಸಿಸ್ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಬೇಕು. ದೂಳು ವಿಪರೀತ ಇದ್ದರೆ ಐದಾರು ವರ್ಷ ಸಾಕು. ಅಷ್ಟರಲ್ಲಿ ಗುತ್ತಿಗೆಯ ಕೆಲಸಗಾರ ನಾಲ್ಕು ಕಾರ್ಖಾನೆ ಬದಲಾಯಿಸಿರುತ್ತಾನೆ. ಕೈಯಲ್ಲಿ ಸಂಬಳದ ಚೀಟಿ ಇಲ್ಲ, ಇಎಸ್‌ಐ ಕಾರ್ಡ್ ಇಲ್ಲ. ಉಸಿರು ಕಟ್ಟಲು ಶುರುವಾದಾಗ ಊರಿಗೆ ಹೋಗುತ್ತಾನೆ. ಅಲ್ಲಿನ ಆಸ್ಪತ್ರೆಯಲ್ಲಿ ಟಿಬಿ ಅಂತ ಮಾತ್ರೆ ಕೊಡುತ್ತಾರೆ. ಅವನು ಸತ್ತರೆ ಆ ಸಾವು ಜಾರ್ಖಂಡಿನ ಯಾವುದೋ ಹಳ್ಳಿಯ ಲೆಕ್ಕಕ್ಕೆ ಸೇರುತ್ತದೆ. ಮೋರ್ಬಿಯ ಲೆಕ್ಕ ಶುದ್ಧವಾಗಿಯೇ ಉಳಿಯುತ್ತದೆ. ಕಾನೂನಿನ ಪ್ರಕಾರ ಸಿಲಿಕೋಸಿಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ. ವರದಿ ಆಗಬೇಕಾದರೆ ಯಾರಾದರೂ ಎಕ್ಸ್-ರೇ ತೆಗೆದು, ‘ನೀನು ಏನು ಕೆಲಸ ಮಾಡುತ್ತಿದ್ದೆ’ ಅಂತ ಕೇಳಬೇಕಲ್ಲವೇ? ವಡೋದರದ ಪೀಪಲ್ಸ್ ಟ್ರೇನಿಂಗ್ ಅಂಡ್ ರಿಸರ್ಚ್ ಸೆಂಟರ್‌ನವರು ಮೋರ್ಬಿಯ ಕಾರ್ಮಿಕರ ನಡುವೆ ಈ ಕೆಲಸವನ್ನು ವರ್ಷಗಳಿಂದ ಮಾಡುತ್ತಿದ್ದಾರೆ. ರೋಗ ಗುರುತಿಸುವುದು ಒಂದು ಪಾಡು, ‘ಈತ ನಮ್ಮಲ್ಲಿ ಕೆಲಸ ಮಾಡಿದ್ದ’ ಅನ್ನುವ ಕಾಗದ ಹುಡುಕುವುದು ಇನ್ನೊಂದು ಪಾಡು.

ಇದೇ ಗುಜರಾತಿನ ಗೋಧ್ರಾದಲ್ಲಿ ಏನಾಯಿತು ಅನ್ನುವುದು ಕಣ್ಣ ಮುಂದಿದೆ. ಅಲ್ಲಿನ ಕ್ವಾರ್ಟ್ಸ್ ಪುಡಿ ಮಾಡುವ ಕಾರ್ಖಾನೆಗಳಿಗೆ ಮಧ್ಯಪ್ರದೇಶದ ಝಾಬುವಾ, ಅಲಿರಾಜ್‌ಪುರ, ಧಾರ್ ಕಡೆಯ ಆದಿವಾಸಿಗಳು ಹೋಗಿದ್ದರು. ಊರಿಗೆ ವಾಪಸ್ ಬಂದು ಒಬ್ಬೊಬ್ಬರಾಗಿ ಸತ್ತರು. ವರ್ಷಗಟ್ಟಲೆ ಹೋರಾಟ ನಡೆದ ಮೇಲೆ, 2016ರಲ್ಲಿ ಸುಪ್ರೀಂ ಕೋರ್ಟ್ 238 ಜನರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡಲು ಗುಜರಾತ್ ಸರ್ಕಾರಕ್ಕೆ ಹೇಳಿತು. ಯಾವ ರಾಜ್ಯದ ದೂಳು, ಯಾವ ರಾಜ್ಯದ ಸಾವು ಅಂತ ಕೋರ್ಟೇ ಗೆರೆ ಎಳೆದು ತೋರಿಸಬೇಕಾಯಿತು.

‘ಇದು ರಣ್‌ನಿಂದ ಬರುವ ದೂಳು’

ದೂಳಿನ ಮಾತು ಎತ್ತಿದರೆ ಮೋರ್ಬಿಯಲ್ಲಿ ಒಂದು ಉತ್ತರ ತಯಾರಾಗಿರುತ್ತದೆ. “ಸಾಹೇಬ್ರೆ, ಇದು ಒಣ ಸೀಮೆ. ಪಕ್ಕದಲ್ಲೇ ಕಛ್‌ನ ಚಿಕ್ಕ ರಣ್, ಆ ಉಪ್ಪಿನ ಬಯಲು ಇದೆ. ಗಾಳಿ ಬೀಸಿದರೆ ದೂಳು ಬರದೆ ಇರುತ್ತಾ?” ಇದು ಸುಳ್ಳಲ್ಲ. ಬೇಸಿಗೆಯಲ್ಲಿ ಆ ಕಡೆಯಿಂದ ನಿಜಕ್ಕೂ ದೂಳು ಬರುತ್ತದೆ. ಕಾರ್ಖಾನೆಯ ಮಣ್ಣೂ ಮಣ್ಣೇ, ಹೊಲದ ಮಣ್ಣೂ ಮಣ್ಣೇ. ಬೇರೆ ಮಾಡಿ ತೋರಿಸುವುದು ಹೇಗೆ?

ಇದೇ ಪ್ರಶ್ನೆಗೆ ಸ್ಪೇನಿನಲ್ಲಿ ಉತ್ತರ ಸಿಕ್ಕಿದೆ. ಅಲ್ಲಿನ ಕಾಸ್ತೆಯೋನ್ ಪ್ರಾಂತ್ಯ ಸ್ಪೇನಿನ ಮೋರ್ಬಿ. ಆ ದೇಶದ ಟೈಲ್ಸ್‌ನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಲ್ಲೇ ತಯಾರಾಗುತ್ತದೆ. ಲಾಲ್ಕೋರಾ, ಓಂಡಾ, ವಿಲಾ-ರಿಯಾಲ್ ಊರುಗಳ ಸುತ್ತ ಕಾರ್ಖಾನೆಗಳು ಒತ್ತೊತ್ತಾಗಿವೆ. ಅಲ್ಲಿಗೂ ಒಂದು ‘ರಣ್’ ಇದೆ: ಸಹಾರಾ. ಆಫ್ರಿಕಾದಿಂದ ಸಮುದ್ರ ದಾಟಿ ಮರುಭೂಮಿಯ ದೂಳು ವರ್ಷಕ್ಕೆ ಎಷ್ಟೋ ಸಲ ಬರುತ್ತದೆ. ಅಲ್ಲಿನ ಸಂಶೋಧಕರು ಎರಡು ಕೆಲಸ ಮಾಡಿದರು. ಮೊದಲನೆಯದು, ಕಾರ್ಖಾನೆಗಳಿಂದ ದೂರದ ಹಳ್ಳಿಗಾಡಿನಲ್ಲೂ ದೂಳು ಅಳೆದರು. ಸಹಾರಾದಿಂದ ದೂಳು ಬಂದ ದಿನ ಅಲ್ಲಿಯೂ ಏರುತ್ತದೆ. ಅಲ್ಲಿ ಏರದೆ ಕಾರ್ಖಾನೆಯ ಊರಲ್ಲಿ ಮಾತ್ರ ಏರಿದರೆ ಅದು ಸ್ಥಳೀಯ ದೂಳು. ಎರಡನೆಯದು, ಫಿಲ್ಟರ್ ಕಾಗದದ ಮೇಲೆ ಕೂತ ದೂಳಿನಲ್ಲಿ ಏನೇನು ಲೋಹ ಇದೆ ಅಂತ ನೋಡಿದರು. ಜಿರ್ಕೋನಿಯಂ (ಜಿರ್ಕಾನ್‌ನಲ್ಲಿರುವ ಲೋಹ), ಸತು, ಸೀಸ, ಆರ್ಸೆನಿಕ್ ಸಿಕ್ಕವು. ಇವು ಗ್ಲೇಜು, ಅದಕ್ಕೆ ಬೇಕಾದ ಗಾಜಿನಂಥ ಫ್ರಿಟ್ ಮಾಡುವ ಕಡೆಯ ಗುರುತುಗಳು. ಮರುಭೂಮಿಯ ದೂಳು ಚೀಲದಲ್ಲಿ ಜಿರ್ಕಾನ್ ಕಟ್ಟಿಕೊಂಡು ಬರುವುದಿಲ್ಲವಲ್ಲ!

ಅಲ್ಲಿ ಕಂಡ ಇನ್ನೊಂದು ಸಂಗತಿ ಮೋರ್ಬಿಗೆ ನೇರ ಹೊಂದುತ್ತದೆ. ಊರಿನ ಪಿಎಂ10ಗೆ ದೊಡ್ಡ ಪಾಲು ಕೊಡುತ್ತಿದ್ದದ್ದು ಚಿಮಣಿಯೊಂದೇ ಅಲ್ಲ. ತೆರೆದ ರಾಶಿ, ಮಣ್ಣು ಎತ್ತಿ ಹಾಕುವ ಕೆಲಸ, ಲಾರಿಗಳ ಓಡಾಟ, ಅಂದರೆ ಯಾವ ಕೊಳವೆಯೂ ಇಲ್ಲದ ದೂಳು. ಹಾಗಾಗಿ ಪರಿಹಾರವೂ ಹಾಗೇ ಬಂತು. ಫ್ರಿಟ್ ಕುಲುಮೆಗೆ, ಸ್ಪ್ರೇ ಡ್ರೈಯರ್‌ಗೆ ಬ್ಯಾಗ್ ಫಿಲ್ಟರ್. ರಾಶಿಗಳಿಗೆ ಮುಚ್ಚಿದ ಶೆಡ್. ಲಾರಿಗೆ ಟಾರ್ಪಾಲು. ಅಂಗಳಕ್ಕೆ ಕಾಂಕ್ರೀಟು, ಅದನ್ನು ತೊಳೆಯುವುದು. 2000ದ ನಂತರದ ವರ್ಷಗಳಲ್ಲಿ ಗಾಳಿಯಲ್ಲಿ ಲೋಹವೂ ದೂಳೂ ಇಳಿದವು. 2008ರ ಆರ್ಥಿಕ ಕುಸಿತದಲ್ಲಿ ಉತ್ಪಾದನೆಯೇ ಬಿದ್ದುಹೋದದ್ದೂ ಆಮೇಲಿನ ಇಳಿಕೆಗೆ ಒಂದು ಕಾರಣ, ಅದನ್ನೂ ಹೇಳಬೇಕು. ಆದರೆ ಫಿಲ್ಟರ್ ಹಾಕಿದ ಕೆಲಸದ ಫಲ ಕುಸಿತಕ್ಕೆ ಮೊದಲೇ ಕಾಣಿಸಿತ್ತು.

ಅಳೆಯುವ ವಿಷಯದಲ್ಲಿ ನಮ್ಮಲ್ಲಿ ಒಂದು ಗೊಂದಲ ಇದೆ. ನಮ್ಮ ದೇಶದ 2009ರ ಮಾನದಂಡದ ಪ್ರಕಾರ ಊರಿನ ಗಾಳಿಯಲ್ಲಿ ಪಿಎಂ10 ವರ್ಷದ ಸರಾಸರಿ ಒಂದು ಘನ ಮೀಟರಿಗೆ 60 ಮೈಕ್ರೋಗ್ರಾಂ ದಾಟಬಾರದು, ಒಂದು ದಿನದ ಸರಾಸರಿ 100 ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15 ಮತ್ತು 45. ಇವೆಲ್ಲ ದೂಳಿನ ತೂಕದ ಲೆಕ್ಕ. ಆ ದೂಳು ಹೊಲದ ಮಣ್ಣೋ ಕ್ವಾರ್ಟ್ಸೋ ಅಂತ ಈ ಅಂಕಿ ಹೇಳುವುದಿಲ್ಲ. ಅಮೆರಿಕದಲ್ಲಿ ಕಾರ್ಖಾನೆಯ ಒಳಗೆ, ಎಂಟು ಗಂಟೆಯ ಪಾಳಿಯಲ್ಲಿ, ಉಸಿರಿಗೆ ಇಳಿಯುವ ಸಿಲಿಕಾ ಒಂದೇ 50 ಮೈಕ್ರೋಗ್ರಾಂ ದಾಟಬಾರದು ಅಂತ 2016ರಲ್ಲಿ ನಿಯಮ ಮಾಡಿದರು. ಅದನ್ನು ಅಳೆಯುವ ಸಾಧನ ಊರಿನ ಕಂಬದ ಮೇಲೆ ಕೂರುವುದಿಲ್ಲ. ಸೊಂಟಕ್ಕೆ ಒಂದು ಸಣ್ಣ ಪಂಪು, ಕಾಲರಿಗೆ ಸಿಕ್ಕಿಸಿದ ಒಂದು ಡಬ್ಬಿ. ಕೆಲಸಗಾರ ಎಲ್ಲಿಗೆ ಹೋಗುತ್ತಾನೋ ಅದೂ ಅಲ್ಲಿಗೆ ಹೋಗುತ್ತದೆ, ಅವನು ಎಳೆಯುವ ಗಾಳಿಯನ್ನೇ ಎಳೆಯುತ್ತದೆ. ಯಾರ್ಡಿನ ಆ ಹುಡುಗನ ಕಾಲರಿಗೆ, ಪ್ರೆಸ್ ಪಕ್ಕ ಗುಡಿಸುತ್ತಿದ್ದ ಆ ಹೆಂಗಸಿನ ಸೆರಗಿಗೆ ಅಂಥದ್ದೊಂದು ಸಿಕ್ಕಿಸಿದರೆ ಏನು ಬರಬಹುದು ಅಂತ ಯೋಚಿಸುತ್ತೇನೆ. ಊರಿನ ಗಾಳಿ ಪಾಸಾದ ದಿನವೂ ಅವರ ಗಾಳಿ ಪಾಸಾಗಲಾರದು.

ಆಗಬಹುದಾದದ್ದು

ಆ ಶೆಡ್ಡುಗಳಲ್ಲಿ ನಡೆದಾಡಿದ ಮೇಲೆ ನನಗೆ ಅನಿಸಿದ್ದು, ಇಲ್ಲಿ ಬೇಕಾದದ್ದು ಯಾವುದೂ ರಾಕೆಟ್ ವಿಜ್ಞಾನ ಅಲ್ಲ. ಪೊರಕೆಯ ಬದಲು ದೂಳು ಹೀರುವ ಯಂತ್ರ, ಇಲ್ಲದಿದ್ದರೆ ನೀರು ಚಿಮುಕಿಸಿ ಗುಡಿಸುವುದು. ಏರ್ ಪೈಪ್ ಊದುವುದನ್ನು ನಿಲ್ಲಿಸುವುದು. ಹಾಪರ್, ಬೆಲ್ಟಿನ ಮೂಲೆ, ಪ್ರೆಸ್ ಅಂಚು, ಚೀಲ ಸುರಿಯುವ ಜಾಗ, ಇವಕ್ಕೆ ಮುಚ್ಚಳ ಹಾಕಿ ಹೀರುವ ಕೊಳವೆ ಕೂರಿಸುವುದು. ಬ್ಯಾಗ್ ಫಿಲ್ಟರ್ ಹರಿದರೆ ಅದೇ ದಿನ ಬದಲಾಯಿಸುವುದು. ಕೆಲವು ದೊಡ್ಡ ಕಾರ್ಖಾನೆಗಳಲ್ಲಿ ಇವೆಲ್ಲ ಇವೆ, ನಾನೇ ನೋಡಿದ್ದೇನೆ. ಅಲ್ಲಿ ಪ್ರೆಸ್ ಪಕ್ಕ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದೆ, ಸಂಜೆಗೂ ಅದು ಬಿಳಿಯೇ ಇತ್ತು. ಅದೇ ಮಣ್ಣು, ಅದೇ ರಣ್, ಅದೇ ಊರು.

ಮಾಸ್ಕ್ ಬಗ್ಗೆ ಒಂದು ಮಾತು. ಟವಲ್ಲು, ಸೆರಗು, ಒಂದು ಪದರದ ಬಟ್ಟೆ ಮಾಸ್ಕು ಈ ಸಣ್ಣ ಕಣವನ್ನು ತಡೆಯುವುದಿಲ್ಲ. ಎನ್95 ತಡೆಯುತ್ತದೆ, ಮುಖಕ್ಕೆ ಸರಿಯಾಗಿ ಕೂತರೆ. ಆದರೆ 1,200 ಡಿಗ್ರಿಯ ಕಿಲ್ನ್ ಪಕ್ಕ, ಸೌರಾಷ್ಟ್ರದ ಮೇ ತಿಂಗಳಲ್ಲಿ, ಹನ್ನೆರಡು ಗಂಟೆ ಅದನ್ನು ಬಿಗಿಯಾಗಿ ಹಾಕಿಕೊಂಡು ಮೂಟೆ ಎತ್ತಿ ನೋಡಿ. ಮಾಸ್ಕ್ ಕೊಟ್ಟಿದ್ದೇವೆ, ಅವರೇ ಹಾಕಿಕೊಳ್ಳಲ್ಲ ಅನ್ನುವ ಮಾತನ್ನು ನಾನು ಪ್ರತಿ ಕಾರ್ಖಾನೆಯಲ್ಲೂ ಕೇಳಿದ್ದೇನೆ. ಆ ಮಾತಿನಿಂದ ತಪ್ಪು ಪೂರ್ತಿಯಾಗಿ ಕೆಲಸಗಾರನ ತಲೆಗೆ ಬರುತ್ತದೆ. ದೂಳು ಹುಟ್ಟುವಲ್ಲೇ ಹಿಡಿಯಬೇಕು. ಮಾಸ್ಕ್ ಆಮೇಲಿನದು.

ಗ್ಯಾಸ್ ಬೆಲೆ ಏರಿದಾಗ ನಾವು ಬಾಕ್ಸಿಗೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಕೊಟ್ಟೆವು. ದೂಳು ಹಿಡಿಯುವುದಕ್ಕೂ ಖರ್ಚಿದೆ. ಅದನ್ನು ಯಾರೂ ನನ್ನ ಹತ್ತಿರ ಕೇಳಿಲ್ಲ. ರೇಟ್ ಲಿಸ್ಟ್‌ನಲ್ಲಿ ಅದಕ್ಕೊಂದು ಸಾಲು ಇಲ್ಲ. ಹಾಗಾಗಿ ಅದನ್ನು ಇಲ್ಲಿಯವರೆಗೆ ಕೊಡುತ್ತಾ ಬಂದವನು ಗುತ್ತಿಗೆಯ ಕೆಲಸಗಾರ. ಈಗ ಮಾಲು ಬುಕ್ ಮಾಡುವ ಮೊದಲು ಯಾರ್ಡ್ ತೋರಿಸಿ ಅಂತ ನಾನು ಕೇಳುತ್ತೇನೆ. ನನ್ನಂಥ ಸಣ್ಣ ಡೀಲರ್ ಕೇಳಿದರೆ ಏನೂ ಆಗಲ್ಲ ಅಂತ ಗೊತ್ತು. ಸಾವಿರ ಬಾಕ್ಸ್ ಕೊಳ್ಳುವ ಬಿಲ್ಡರ್, ಸರ್ಕಾರಿ ಶಾಲೆ ಆಸ್ಪತ್ರೆಗಳಿಗೆ ಟೆಂಡರ್ ಕರೆಯುವ ಇಲಾಖೆ ಕೇಳಿದರೆ ಅಲ್ಲಿ ಪೊರಕೆ ಬದಲಾಗುತ್ತದೆ.

ಅಂಗಡಿಯ ಮುಂದೆ

ಇದೇ ದೂಳು ಬಾಕ್ಸಿನ ಒಳಗೆ ಕೂತು ನಮ್ಮೂರಿಗೂ ಬರುತ್ತದೆ. ಸುಟ್ಟು ಗಟ್ಟಿಯಾಗಿರುವ ಟೈಲ್ಸ್ ಏನೂ ಮಾಡುವುದಿಲ್ಲ, ಅದನ್ನು ಕೊಯ್ಯುವವರೆಗೆ. ಮನೆ ಕಟ್ಟುವಾಗ ನೋಡಿರುತ್ತೀರಿ. ಮೇಸ್ತ್ರಿ ಮೂಲೆಗೆ ಪೀಸ್ ಕೂರಿಸಲು ನಾಲ್ಕಿಂಚಿನ ಕಟ್ಟರ್ ಮಷಿನ್ ಹಿಡಿದು ಕುಕ್ಕರಗಾಲಲ್ಲಿ ಕೂರುತ್ತಾನೆ. ಕಿರ್ ಅಂತ ಸದ್ದಿನ ಜೊತೆ ಬಿಳಿ ಹೊಗೆಯಂಥದ್ದು ಏಳುತ್ತದೆ. ಆ ‘ಹೊಗೆ’ ಪೂರ್ತಿ ಕಲ್ಲಿನ ಪುಡಿ.

ನಮ್ಮ ಅಂಗಡಿಯ ಕೆಲಸಗಳನ್ನು ಹಿಡಿಯುವ ಮೇಸ್ತ್ರಿ ಹರಿಹರದ ಕಡೆಯವನು. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಹೋದ ವರ್ಷದಿಂದ ಮೆಟ್ಟಿಲು ಹತ್ತುವಾಗ ಮಧ್ಯೆ ಒಮ್ಮೆ ನಿಲ್ಲುತ್ತಾನೆ. ನೀರು ಬಿಟ್ಟುಕೊಂಡು ಕೊಯ್ಯುವ ಮಷಿನ್ ಒಂದನ್ನು ತರಿಸಿ ಅವನಿಗೆ ಕೊಟ್ಟೆ. “ನೆಲ ಎಲ್ಲ ಕೆಸರಾಗುತ್ತೆ ಅಣ್ಣಾ, ಮನೆಯವರು ಬೈತಾರೆ” ಅಂದ. ನಾನೇ ಆ ಮನೆಯವರ ಹತ್ತಿರ ಮಾತಾಡಿದೆ. ಕೊಯ್ಯುವ ಜಾಗವನ್ನು ಅಂಗಳಕ್ಕೆ ಹಾಕಿಸಿದೆವು. ಮೊದಲ ಟೈಲ್ ಕೊಯ್ದಾಗ ಬಿಳಿ ಮೋಡ ಏಳಲಿಲ್ಲ, ಹಾಲಿನಂಥ ನೀರು ಹರಿದು ಮಲ್ಲಿಗೆ ಗಿಡದ ಪಾತಿಯ ಪಕ್ಕ ನಿಂತಿತು. ಅವನು ಅದನ್ನೇ ಸ್ವಲ್ಪ ಹೊತ್ತು ನೋಡುತ್ತಾ ಕೂತ.

“ಇಷ್ಟೂ ನಾನು ಒಳಗೆ ಎಳ್ಕೊಳ್ತಿದ್ನಾ?” ಅಂತ ಕೇಳಿದ.

ಮಾರನೇ ವಾರ ಅವನನ್ನು ಎಕ್ಸ್-ರೇಗೆ ಕರೆದುಕೊಂಡು ಹೋದೆ. ಡಾಕ್ಟರ್ ಫಿಲ್ಮ್ ಬೆಳಕಿಗೆ ಹಿಡಿಯುವ ಮೊದಲೇ ನಾನು ಹೇಳಿದೆ, “ಇವನು ಇಪ್ಪತ್ತು ವರ್ಷದಿಂದ ಟೈಲ್ಸ್ ಕೊಯ್ತಾನೆ ಸರ್, ಅದನ್ನೂ ಬರ್ಕೊಳ್ಳಿ.” ಅವರು ಚೀಟಿಯ ಮೇಲೆ, ಹೆಸರು ವಯಸ್ಸಿನ ಕೆಳಗೆ, ಅದನ್ನು ಬರೆದುಕೊಂಡರು.